ಭೌತಿಕವಲ್ಲದ ಮನಸ್ಸು ಮಿದುಳಿನ ಮೇಲೆ ಪ್ರಭಾವ ಬೀರಬಲ್ಲದೇ?

ತರ್ಕದ ದೃಷ್ಟಿಯಿಂದ ಇದು ಅಸಾಧ್ಯವೆನ್ನಲಾಗದು. ಆದರೆ ಹಾಗೆ ನಡೆಯುತ್ತಿದೆ ಎನ್ನಲು ಒಪ್ಪತಕ್ಕ ಪುರಾವೆ ಇಲ್ಲವೆಂದೇ ನನ್ನ ಅಭಿಪ್ರಾಯ. ದೇಹವನ್ನು ಮುಟ್ಟಲಾರದ ಆತ್ಮವು ದೇಹವನ್ನು ಚಲಿಸುವಂತೆ ಮಾಡುವುದು ಹೇಗೆಂದು ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ 1643ರಲ್ಲೇ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್‌ಗೆ ಪತ್ರ ಬರೆದು ಕೇಳಿದ್ದಳು. ಆತ ಮಿದುಳಿನೊಳಗಿನ ಪುಟ್ಟ ಪೀನಿಯಲ್ ಗ್ರಂಥಿಯನ್ನು ಎರಡರ ಸಂಧಿಸ್ಥಾನವೆಂದು ಹೇಳಿದರೂ, ಅದು ‘ಎಲ್ಲಿ’ ಎಂಬುದಕ್ಕೆ ಉತ್ತರವೇ ಹೊರತು ‘ಹೇಗೆ’ ಎಂಬುದಕ್ಕಲ್ಲ.

ಬೆರಳೊಂದನ್ನು ಎತ್ತುವ ಕ್ಷಣವನ್ನೇ ಹತ್ತಿರದಿಂದ ನೋಡೋಣ. ಸುಮಾರು ಮೈನಸ್ 70 ಮಿಲಿವೋಲ್ಟ್‌ನಲ್ಲಿ ವಿಶ್ರಾಂತ ಸ್ಥಿತಿಯಲ್ಲಿರುವ ನರಕೋಶದ ಪೊರೆಯಲ್ಲಿ ಸೋಡಿಯಂ ಕಾಲುವೆಗಳು (ಸೋಡಿಯಂ ಅಯಾನುಗಳನ್ನು ಒಳಬಿಡುವ ಸೂಕ್ಷ್ಮ ದ್ವಾರಗಳು) ಒಟ್ಟಾಗಿ ತೆರೆದುಕೊಂಡಾಗ ಸಂಕೇತ ಹೊರಡುತ್ತದೆ. ಮನಸ್ಸು ಹೊರಗಿನಿಂದ ಕೈಯಾಡಿಸುವುದಾದರೆ, ಪೊರೆಯ ವಿದ್ಯುತ್ ವಿಭವಕ್ಕಾಗಲಿ (ವೋಲ್ಟೇಜ್) ಅಣುಗಳ ಉಷ್ಣ ಚಲನೆಗಾಗಲಿ ಸಂಬಂಧಿಸದ ರೀತಿಯಲ್ಲಿ ಎಲ್ಲೋ ಒಂದೆಡೆ ಇಂಥ ಕಾಲುವೆಗಳು ತೆರೆಯಲೇಬೇಕು. ಪ್ರಯೋಗಗಳಲ್ಲಿ ಅಂಥದ್ದು ಕಂಡುಬಂದಿಲ್ಲ. ಅನುಭವವೆಂಬುದು ಏಕಿದೆ ಎಂಬ ಪ್ರಶ್ನೆ ಮಾತ್ರ ಇದರಿಂದ ಬಗೆಹರಿಯುವುದಿಲ್ಲ.