ತೀರ್ಥಹಳ್ಳಿಯಲ್ಲಿ ಉಳಿದು ಹತ್ತಿ ಇಳಿಯಬಹುದಾದ ಬೆಟ್ಟಗಳು ಯಾವುವು? ಕಾರು ಎಲ್ಲಿ ನಿಲ್ಲಿಸಬೇಕು?

ನವೆಂಬರಿನಲ್ಲಿ ಗಂಡ ಹೆಂಡತಿ, ವಯಸ್ಸಾದ ತಾಯಿ, ಹೈಸ್ಕೂಲಿನ ಮಗ ಸ್ವಂತ ಕಾರಿನಲ್ಲಿ ಬರುತ್ತೇವೆ, ಮೂರು ದಿನ ತೀರ್ಥಹಳ್ಳಿಯಲ್ಲಿ ಇರುತ್ತೇವೆ, ಬೆಟ್ಟದ ಮೇಲಿನಿಂದ ಸಮುದ್ರ ನೋಡುವ ಆಸೆಯಿದೆ ಎಂದು ಬರೆದಿದ್ದೀರಿ. ತಿಂಗಳು ಒಳ್ಳೆಯದನ್ನೇ ಆರಿಸಿಕೊಂಡಿದ್ದೀರಿ. ಮಳೆ ಹಿಂದೆ ಸರಿದಿರುತ್ತದೆ, ಹಳ್ಳಗಳಲ್ಲಿ ನೀರು ಇನ್ನೂ ಹರಿಯುತ್ತಿರುತ್ತದೆ, ಇಂಬಳಗಳ ಕಾಟವೂ ಇಳಿದಿರುತ್ತದೆ. ನಾನು ಇದೇ ತಾಲ್ಲೂಕಿನವನು, ನಮ್ಮ ಮನೆ ಇರುವುದೂ ಪ್ರವಾಸಿಗರು ಓಡಾಡುವ ದಾರಿಯ ಮಗ್ಗುಲಲ್ಲೇ. ಹಾಗಾಗಿ ಕಾರು ನಿಲ್ಲಿಸುವ ವಿಚಾರದಲ್ಲಿ ನನ್ನ ಮಾತು ಸ್ವಲ್ಪ ಖಾರವಾಗಿದ್ದರೆ ಸಹಿಸಿಕೊಳ್ಳಿ.

ಮೊದಲ ದಿನ ಕವಲೇದುರ್ಗಕ್ಕೆ ಹೋಗಿ. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್. ಕೆಳದಿ ನಾಯಕರ ಕೋಟೆ ಇದು. 1763ರಲ್ಲಿ ಹೈದರಾಲಿಯ ಕೈಗೆ ಹೋದ ಬಿದನೂರು ಇವರದೇ ರಾಜಧಾನಿ, ಈಗ ನಾವು ನಗರ ಎಂದು ಕರೆಯುವ ಊರು. ಕವಲೇದುರ್ಗದಲ್ಲಿ ಕಾರಿನ ದಾರಿ ಮುಗಿದ ಮೇಲೆ ಗದ್ದೆಯಂಚಿನಲ್ಲಿ ನಡೆದು, ಕಲ್ಲು ಹಾಸಿದ ಹಳೆಯ ದಾರಿ ಹಿಡಿದು ಮೇಲೇರಬೇಕು. ಒಂದರ ಹಿಂದೊಂದು ಮೂರು ಸುತ್ತಿನ ಕೋಟೆ, ಪ್ರತಿ ಸುತ್ತಿಗೂ ಹೆಬ್ಬಾಗಿಲು. ಒಳಗೆ ದೇವಸ್ಥಾನಗಳಿವೆ, ಅರಮನೆಯ ಅಡಿಪಾಯವಿದೆ, ಆ ಕಾಲದ ಕಲ್ಲಿನ ಒಲೆಯೂ ಇದೆ. ಮೇಲಿನಿಂದ ವಾರಾಹಿಯ ಹಿನ್ನೀರು ಕಾಣುತ್ತದೆ. ಸಮುದ್ರವಲ್ಲ ಎಂದು ಮಗನಿಗೆ ಮೊದಲೇ ಹೇಳಿಬಿಡಿ. ಏರು ಕಷ್ಟದ್ದಲ್ಲ, ಆದರೆ ಕಲ್ಲುಗಳ ಮೇಲೆ ಪಾಚಿ ಉಳಿದಿರುತ್ತದೆ. ನುಣುಪು ತಳದ ಚಪ್ಪಲಿ ಬೇಡ. ತಾಯಿಯವರು ಮೊದಲ ಬಾಗಿಲಿನವರೆಗೆ ಬಂದು ಕುಳಿತರೂ ಬಂದದ್ದು ದಂಡವಾಗುವುದಿಲ್ಲ. ಕುಡಿಯುವ ನೀರು ಕೆಳಗಿನಿಂದಲೇ ಒಯ್ಯಿರಿ.

ಈಗ ಕಾರಿನ ಮಾತು. ಇಲ್ಲಿ ರಸ್ತೆ ಮುಗಿಯುವಲ್ಲಿ ದೊಡ್ಡ ಪಾರ್ಕಿಂಗ್ ಬಯಲು ಇರುವುದಿಲ್ಲ, ಯಾರದೋ ಮನೆ, ಗದ್ದೆ ಅಥವಾ ತೋಟ ಇರುತ್ತದೆ. ರಸ್ತೆಯಂಚಿನಲ್ಲಿ ಹುಲ್ಲು ಬೆಳೆದ ಅಗಲ ಜಾಗ ಕಂಡರೆ ಅದು ಖಾಲಿ ಜಾಗ ಎಂದುಕೊಳ್ಳಬೇಡಿ. ಬಸ್ಸು ತಿರುಗುವುದು ಅಲ್ಲೇ, ಅಡಿಕೆ ತುಂಬಿದ ಪಿಕಪ್ ಹೊರಬರುವುದೂ ಅಲ್ಲೇ. ನವೆಂಬರ್ ಅಡಿಕೆ ಕೊಯ್ಲಿನ ಕಾಲ, ಅಂಗಳದ ಬೆಲೆ ಚಿನ್ನದ್ದು. ದಣಪೆಯ, ಅಂದರೆ ತೋಟದ ಬೇಲಿಬಾಗಿಲಿನ ಮುಂದೆ ಕಾರು ಅಡ್ಡ ನಿಲ್ಲಿಸಿ ಬೆಟ್ಟ ಹತ್ತಿದವರಿಗಾಗಿ ನಾವು ಮಧ್ಯಾಹ್ನದವರೆಗೂ ಕಾದದ್ದಿದೆ, ಮೊಬೈಲಿಗೆ ಕರೆ ಮಾಡೋಣವೆಂದರೆ ಅವರಿದ್ದ ಕಡೆ ಸಿಗ್ನಲ್ ಇಲ್ಲ. ಹತ್ತಿರದ ಮನೆಯ ಮುಂದೆ ನಿಂತು, 'ಕಾರು ಎಲ್ಲಿ ನಿಲ್ಲಿಸಿದರೆ ನಿಮಗೆ ತೊಂದರೆಯಿಲ್ಲ?' ಎಂದು ಒಂದು ಮಾತು ಕೇಳಿ. ಜಾಗ ತೋರಿಸುತ್ತಾರೆ, ಮಜ್ಜಿಗೆಯನ್ನೂ ಕೊಟ್ಟಾರು. ಹಣ ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಗಾಜಿನೊಳಗೆ ಕಾಣುವಂತೆ ಫೋನ್ ನಂಬರ್ ಬರೆದಿಡುವುದೂ ಒಳ್ಳೆಯದು.

ಅಕೇಶಿಯಾ ಮರದ ಕೆಳಗೆ ನೆರಳು ಸಿಕ್ಕಿತೆಂದು ನಿಲ್ಲಿಸಬೇಡಿ, ಸಣ್ಣ ಗಾಳಿಗೂ ಕೊಂಬೆ ಮುರಿಯುವ ಮರ ಅದು. ರಸ್ತೆಗೆಂದು ಗುಡ್ಡ ಕಡಿದು ಬಿಟ್ಟ ಧರೆಯ, ಅಂದರೆ ಮಣ್ಣಿನ ಗೋಡೆಯ ಬುಡವೂ ಬೇಡ, ಮಳೆಗಾಲ ಕಳೆದ ಮೇಲೂ ಮಣ್ಣು ಜಾರುತ್ತದೆ. ಇಳಿಜಾರಿನಲ್ಲಿ ಗೇರ್ ಹಾಕಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟರೆ ಹೊರಡುವಾಗ ಆ ಕಲ್ಲನ್ನು ದಯವಿಟ್ಟು ಬದಿಗೆ ಎಸೆಯಿರಿ. ಘಾಟಿಯುದ್ದಕ್ಕೂ ಹೀಗೆ ಬಿಟ್ಟುಹೋದ ಕಲ್ಲುಗಳಿಗೆ ರಾತ್ರಿ ಬೈಕಿನವರು ಎಡವುತ್ತಾರೆ.

ಎರಡನೆಯ ದಿನ ಕುಂದಾದ್ರಿ, ಸಂಜೆಗೆ ಆಗುಂಬೆ. ಕುಂದಾದ್ರಿ ಒಂದೇ ಬಂಡೆಯ ಗುಡ್ಡ. ತುದಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಕೊಳ. ಕುಂದಕುಂದಾಚಾರ್ಯರು ತಪಸ್ಸು ಮಾಡಿದ ಜಾಗವೆಂದು ಜೈನರು ನಂಬುತ್ತಾರೆ. ಕಾರು ಹೆಚ್ಚುಕಡಿಮೆ ತುದಿಯವರೆಗೂ ಹೋಗುತ್ತದೆ, ನಿಜವಾದ ತೊಂದರೆ ಇರುವುದೂ ಅದರಲ್ಲೇ. ರಸ್ತೆ ಕಡಿದು, ಕಿರಿದು. ಎದುರಿಗೆ ಇನ್ನೊಂದು ಕಾರು ಬಂದರೆ ಒಬ್ಬರು ಹಿಮ್ಮುಖವಾಗಿ ಹೋಗಲೇಬೇಕು. ನಿಯಮದ ಪ್ರಕಾರ ಏರುವ ವಾಹನಕ್ಕೆ ಮೊದಲ ದಾರಿ, ಪಾಲಿಸುವವರು ಕಡಿಮೆ. ಎಂಟು ಗಂಟೆಯೊಳಗೆ ಬುಡ ತಲುಪಿ. ನಿಮ್ಮಿಬ್ಬರಲ್ಲಿ ಕೈ ಪಳಗಿದವರು ತಾಯಿಯವರನ್ನು ಕಾರಿನಲ್ಲಿ ಕರೆದೊಯ್ಯಲಿ, ಇನ್ನೊಬ್ಬರು ಮಗನ ಜೊತೆ ನಡೆದು ಹತ್ತಲಿ. ಇದೇ ಒಂದು ಒಳ್ಳೆಯ ಚಾರಣ. ಮೇಲೆ ಬಂಡೆಯಂಚಿನಲ್ಲಿ ಸೆಲ್ಫಿಗೆಂದು ಹಿಂದೆ ಹಿಂದೆ ಸರಿಯಲು ಹುಡುಗನನ್ನು ಬಿಡಬೇಡಿ. ಹತ್ತು ಗಂಟೆಯ ಹೊತ್ತಿಗೆ ಇಳಿದುಬಿಡಿ.

ಆಗುಂಬೆಯಲ್ಲಿ ಊಟ, ಬೇಕಿದ್ದರೆ ಜೋಗಿಗುಂಡಿ ಜಲಪಾತದವರೆಗೆ ಪುಟ್ಟ ನಡಿಗೆ. ಒನಕೆ ಅಬ್ಬಿ, ಬರ್ಕಣ ಜಲಪಾತಗಳ ಕಡೆ ಹೋಗುವುದಾದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ. ಕಾಳಿಂಗ ಸರ್ಪದ ಕಾಡು ಅದು, ಕಾಲುದಾರಿ ಬಿಟ್ಟು ಒಳನುಗ್ಗುವುದು ಬೇಡ. ಸೂರ್ಯಾಸ್ತದ ಕಟ್ಟೆ ಇರುವುದು ಘಾಟಿ ರಸ್ತೆಯಲ್ಲೇ. ನವೆಂಬರಿನಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ನೀವು ಐದಕ್ಕೇ ಅಲ್ಲಿರಿ. ವಾರಾಂತ್ಯವಾದರೆ ಇನ್ನೂ ಬೇಗ. ಜಾಗ ತುಂಬಿದ್ದರೆ ತಿರುವಿನಲ್ಲಿ ತುರುಕದೆ ಆಗುಂಬೆಗೆ ಹಿಂತಿರುಗಿ. ಮುಂದೆ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವುಗಳು, ಕತ್ತಲಲ್ಲಿ ಸುಮ್ಮನೆ ಇಳಿದು ಹತ್ತುವ ಕೆಲಸ ಬೇಡ. ಕಾರಿನ ಗಾಜು ಏರಿಸಿಡಿ, ಮಂಗಗಳು ಚಿಪ್ಸ್ ಪೊಟ್ಟಣವನ್ನು ನಿಮಗಿಂತ ಮೊದಲು ನೋಡುತ್ತವೆ.

ಸಮುದ್ರ ಕಾಣುತ್ತದೆಯೇ ಎಂದರೆ, ಕಂಡರೆ ಕಂಡೀತು. ಅಲೆಯನ್ನು ನಿರೀಕ್ಷಿಸಬೇಡಿ. ಸೂರ್ಯ ಕೆಳಗಿಳಿದಾಗ ಕರಾವಳಿಯ ಆಚೆ ಹೊಳೆಯುವ ಸಣ್ಣ ಪಟ್ಟಿಯೊಂದು ಕಾಣುತ್ತದೆ, ಅಷ್ಟೇ. ಹಿಂದಿನ ದಿನ ಮಳೆ ಬಿದ್ದು ಆಕಾಶ ತೊಳೆದಂತಿದ್ದರೆ ಅವಕಾಶ ಹೆಚ್ಚು. ಮೋಡ ಕವಿದರೆ ಪಕ್ಕದವರ ಬೆನ್ನು ಮಾತ್ರ.

ಮೂರನೆಯ ದಿನ, ಕಾಲಲ್ಲಿ ಕಸುವು ಉಳಿದಿದ್ದರೆ, 1,343 ಮೀಟರ್ ಎತ್ತರದ ಕೊಡಚಾದ್ರಿ. ಬಾಡಿಗೆ ಜೀಪಿನ ದಾರಿಯಲ್ಲಿ ನಿಮ್ಮ ಕಾರನ್ನು ಓಡಿಸುವ ಯೋಚನೆಯನ್ನೇ ಮಾಡಬೇಡಿ. ಕಟ್ಟಿನಹೊಳೆಯಲ್ಲೋ ಕೊಲ್ಲೂರಿನಲ್ಲೋ ಕಾರು ಬಿಟ್ಟು ಜೀಪು ಹಿಡಿಯಿರಿ. ನಿಮಗೆ ಕೊಲ್ಲೂರೇ ವಾಸಿ. ತಾಯಿಯವರು ಮೂಕಾಂಬಿಕೆಯ ದರ್ಶನ ಮಾಡಿಕೊಂಡು ಅಲ್ಲೇ ವಿಶ್ರಾಂತಿ ಪಡೆಯಲಿ, ಆ ಜೀಪಿನ ಕುಲುಕಾಟ ಸೊಂಟ ನೋವಿದ್ದವರಿಗಲ್ಲ. ಜೀಪು ನಿಂತಲ್ಲಿಂದ ತುದಿಯಲ್ಲಿರುವ ಸರ್ವಜ್ಞ ಪೀಠವೆಂಬ ಪುಟ್ಟ ಕಲ್ಲಿನ ಗುಡಿಯವರೆಗೆ ನಡೆಯಬೇಕು. ಚಾಲಕರು ಮೇಲೆ ಎಷ್ಟು ಹೊತ್ತು ಕಾಯುತ್ತಾರೆಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಪೀಠ ಮುಟ್ಟಿ ಓಡಿಬರುವುದೇ ಆಗುತ್ತದೆ. ಹಿಡ್ಲುಮನೆ ಜಲಪಾತದ ದಾರಿಯಲ್ಲಿ ನಡೆದೇ ಹತ್ತುವವರೂ ಇದ್ದಾರೆ. ಅದು ಬೆಳಗಿನಿಂದ ಸಂಜೆಯವರೆಗಿನ ಕೆಲಸ, ತಾಯಿಯವರನ್ನು ಅಷ್ಟು ಹೊತ್ತು ಕಾಯಿಸಬೇಡಿ. ಹೋಗಲೇಬೇಕೆಂದರೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಅನುಮತಿಯ ವಿವರ ನೋಡಿಕೊಂಡು ಹೊರಡಿ.

ಕಾಲು ಸೋತಿದ್ದರೆ ಕೊಡಚಾದ್ರಿ ಬಿಟ್ಟು ಕುಪ್ಪಳಿಗೆ ಹೋಗಿ. ಕುವೆಂಪು ಅವರ ಮನೆ ನೋಡಿ, ಕವಿಶೈಲದವರೆಗೆ ನಡೆಯಿರಿ. ತಾಯಿಯವರೂ ಬರಬಹುದಾದ ಏರು ಅದು. ಯಾವ ದಿಕ್ಕಿಗೆ ಹೊರಟರೂ ಪೆಟ್ರೋಲನ್ನು ತೀರ್ಥಹಳ್ಳಿಯಲ್ಲೇ ತುಂಬಿಸಿಕೊಳ್ಳಿ. ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಂಡಿರಿ. ಅದು ತೋಟದೊಳಗಿನ ಮಣ್ಣು ದಾರಿ ತೋರಿಸಿದರೆ ಮಾತ್ರ ನಂಬದೆ, ಕಟ್ಟೆಯ ಮೇಲೆ ಕುಳಿತವರನ್ನು ಕೇಳಿ.