ಪ್ರತಿಕ್ರಿಯೆ: ಹಾಸ್ಟೆಲ್ ಸಿಗದ ರೈತರ ಮಗಳಿಗೆ ವಿದ್ಯಾರ್ಥಿವೇತನ

ನಮಸ್ಕಾರ. ಪ್ರವರ್ಗ 2ಎಗೆ ಸೇರಿದ ನಿಮ್ಮ ಮಗಳು ಬಿ.ಎಸ್ಸಿ.ಗೆ ಸೇರಿದ್ದು, ಸರ್ಕಾರಿ ಹಾಸ್ಟೆಲ್ ಸಿಗದೆ ಬಾಡಿಗೆ ಕೊಠಡಿಯಲ್ಲಿದ್ದಾಳೆ, ಎರಡು ಎಕರೆ ಜಮೀನಿನ ಆದಾಯದಲ್ಲಿ ಓದಿಸುವುದು ಹೇಗೆ ಎಂದು ಕೇಳಿದ್ದೀರಿ.

ಮೊದಲು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ಲಾದ ಎಸ್‌ಎಸ್‌ಪಿಯಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿ, ಅದರಲ್ಲೇ ವಿದ್ಯಾಸಿರಿಯನ್ನೂ ಕೋರಿರಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಅರ್ಹ ಮಕ್ಕಳಿಗೆ ಊಟ ಮತ್ತು ವಸತಿಗಾಗಿ ಹತ್ತು ತಿಂಗಳು ಮಾಸಿಕ ನೆರವು ನೀಡುವ ಈ ಯೋಜನೆ ನಿಮ್ಮ ಮಗಳಂಥವರಿಗಾಗಿಯೇ ಇರುವುದು. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲೆ ಮುದ್ರಿತವಾಗಿರುವ ಆರ್‌ಡಿ ಸಂಖ್ಯೆ ಬೇಕಾಗುತ್ತದೆ.

ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5,500 ರೂಪಾಯಿ ನಿಗದಿಯಾಗಿತ್ತು. ಜಮೀನು ನಿಮ್ಮ ಹೆಸರಿನಲ್ಲಿದ್ದು ಫ್ರೂಟ್ಸ್ (ರಾಜ್ಯದ ರೈತರ ನೋಂದಣಿ ತಂತ್ರಾಂಶ) ಗುರುತಿನ ಸಂಖ್ಯೆ ಇರಬೇಕು. ಇಲ್ಲವಾದರೆ ರೈತ ಸಂಪರ್ಕ ಕೇಂದ್ರದಲ್ಲಿ ನೋಂದಾಯಿಸಿಕೊಳ್ಳಿ. ಈ ವರ್ಷದ ಸ್ಥಿತಿಯನ್ನೂ ಅಲ್ಲಿಯೇ ವಿಚಾರಿಸಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನನ್ನ ಅಣ್ಣನ ಮಗಳ ಅರ್ಜಿ ಮಂಜೂರಾದರೂ ಹಣ ತಿಂಗಳುಗಟ್ಟಲೆ ಬರಲಿಲ್ಲ, ಏಕೆಂದರೆ ಅವಳ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ. ಆದ್ದರಿಂದ ಮಗಳ ಹೆಸರಿನಲ್ಲೇ ಖಾತೆ ತೆರೆಸಿ, ಎನ್‌ಪಿಸಿಐ ಜೋಡಣೆ (ಸರ್ಕಾರದ ಹಣ ನೇರವಾಗಿ ಜಮೆಯಾಗಲು ಖಾತೆಗೆ ಮಾಡುವ ಆಧಾರ್ ಜೋಡಣೆ) ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ; ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿನ ಹೆಸರು, ಇನಿಷಿಯಲ್ ಸಹಿತ, ಒಂದೇ ಆಗಿರಲಿ. ಇದನ್ನು ಈ ವಾರವೇ ಮುಗಿಸಿ.