ತಾತನ ಪೀಚೆಕತ್ತಿ ಒರೆಯಲ್ಲೇ ಕಚ್ಕೊಂಡಿದೆ, ಏನ್ ಮಾಡೋದು?

ಪ್ರಶ್ನೆ: ನಮ್ಮದು ಕೊಡಗು. ತಾತನ ಕಾಲದ ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸ್ಕೊಳ್ಳೋ ಸಣ್ಣ ಅಲಂಕಾರದ ಕತ್ತಿ) ಒಂದಿದೆ, ಬೆಳ್ಳಿ ಒರೆ ಕಪ್ಪಾಗಿದೆ, ಕತ್ತಿ ಎಷ್ಟೆಳೆದ್ರೂ ಬರ್ತಿಲ್ಲ. ಹಿಡಿ ದಂತದ್ದು ಅಂತಾರೆ. ಎಣ್ಣೆ ಬಿಟ್ಟು ಎಳೀಲಾ, ಪಾಲಿಶ್ ಮಾಡಿಸ್ಲಾ? ತಮ್ಮನ ಮದುವೆಗೆ ಬೇಕು.

ಉತ್ತರ: ಮೊದಲು ಎಳೆಯೋದು ನಿಲ್ಸಿ, ದಯವಿಟ್ಟು. ಒರೆ ಹೊರಗಿಂದ ಬೆಳ್ಳಿ ಕಂಡ್ರೂ ಒಳಗಿರೋದು ಮರ, ಎರಡು ಹೋಳು ಸೇರಿಸಿ ಮಾಡಿರ್ತಾರೆ, ಹಳೇದಾದಾಗ ಆ ಜಾಯಿಂಟ್ ಬಿಟ್ಕೊಂಡಿರತ್ತೆ, ಒರೆನ ಮುಷ್ಟಿಲಿ ಹಿಡಿದು ಜೋರಾಗಿ ಎಳೆದ್ರೆ ಕತ್ತಿಯ ಬಾಯಿ ಆ ಸಂದಿಯಿಂದ ಹೊರಗೆ ಬಂದು ಬೆರಳೇ ಕತ್ತರಿಸತ್ತೆ.

ಕಚ್ಕೊಂಡಿರೋದಕ್ಕೆ ನಿಮ್ಮ ಮಳೆನೇ ಕಾರಣ ಇರಬೇಕು. ತೇವಕ್ಕೆ ಮರ ಉಬ್ಬತ್ತೆ, ಒಳಗೆ ಕಬ್ಬಿಣ ತುಕ್ಕು ಹಿಡಿದು ದಪ್ಪ ಆಗತ್ತೆ. ಎಣ್ಣೆ ಬಿಟ್ರೆ ಮರ ಅದನ್ನ ಕುಡಿದು ಒಳಗೆಲ್ಲಾ ಅಂಟಂಟಾಗಿ ಇನ್ನೂ ಕೆಡತ್ತೆ. ಬಿಸಿಲಿಗೂ ಇಡಬೇಡಿ, ಮರ ಸೀಳತ್ತೆ, ದಂತ ಬಿರುಕು ಬಿಡತ್ತೆ. ಒಣ ರೂಮಲ್ಲಿ ನೆರಳಿಗೆ ಕೆಲವು ವಾರ ಬಿಡಿ. ಆಮೇಲೆ ಒರೆನ ಕತ್ತಿಯ ಬೆನ್ನಿನ ಕಡೆಯಿಂದ ಮಾತ್ರ ಹಿಡಿದು, ಬಾಯಿ ಕಡೆ ಬೆರಳು ಸುತ್ತದೇ, ನೇರಕ್ಕೆ ಮೆಲ್ಲಗೆ ಎಳೆದು ನೋಡಿ. ಬರ್ಲಿಲ್ವಾ, ಬಿಟ್ಬಿಡಿ, ಹಳೇ ವಸ್ತುಗಳನ್ನ ಕೆಡದಂತೆ ಸರಿಮಾಡೋ ಕನ್ಸರ್ವೇಟರ್ ಹತ್ರ ತಗೊಂಡೋಗಿ. ಮದುವೆ ಅಂತ ಅವಸರ ಯಾಕೆ, ಪೀಚೆಕತ್ತಿ ಚೇಲೆಗೆ, ಅಂದ್ರೆ ಸೊಂಟದ ಪಟ್ಟಿಗೆ, ಮುಂದೆ ಸಿಕ್ಕಿಸ್ಕೊಳ್ಳೋದು, ಮದುವೆ ಶಾಸ್ತ್ರದಲ್ಲಿ ಬಾಳೆ ಕಡಿಯೋಕೆ ಒಡಿಕತ್ತಿ ಅನ್ನೋ ಅಗಲ ಕತ್ತಿ ಇದೆಯಲ್ಲಾ, ಇದನ್ನ ಒರೆಯಿಂದ ತೆಗೀಲೇಬೇಕು ಅಂತೇನಿಲ್ಲ.

ಪಾಲಿಶ್ ಬೇಡ್ವೇ ಬೇಡ. ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವ್ದೂ ಬೇಡ. ಆ ಕಪ್ಪು ಗಾಳಿಲಿರೋ ಗಂಧಕದಿಂದ ಬೆಳ್ಳಿ ಮೇಲೆ ಕೂತಿರೋ ತೆಳು ಪದರ, ಉಜ್ಜಿದಷ್ಟು ಸಲ ಬೆಳ್ಳಿನೂ ಅದರ ಜೊತೆ ಹೋಗತ್ತೆ. ಚಿತ್ತಾರದ ಗುಳಿಲಿ ಕಪ್ಪು ಉಳಿದ್ರೇನೇ ಕೆಲಸ ಎದ್ದು ಕಾಣೋದು, ಫಳಫಳ ಮಾಡಿಸಿದ ಎಷ್ಟೋ ಒರೆಗಳಲ್ಲಿ ಹೂಬಳ್ಳಿ ಸವೆದು ಸಪಾಟಾಗಿರೋದು ನೋಡಿ ನಂಗೆ ತುಂಬಾ ಸಂಕಟ ಆಗಿದೆ. ಮೆತ್ತನೆ ಹತ್ತಿ ಬಟ್ಟೇಲಿ ಒರೆಸಿ ಸಾಕು. ಸರಪಳಿಲಿ ಚಿಮುಟ, ಕಿವಿಗುಗ್ಗೆ ತೆಗೆಯೋ ಕಡ್ಡಿ ತರ ಸಣ್ಣ ಸಾಮಾನು ನೇತಾಡ್ತಿದ್ರೆ ಒಂದನ್ನೂ ಬಿಚ್ಚಬೇಡಿ, ಅದೆಲ್ಲಾ ಸೇರಿದ್ರೇನೇ ಪೀಚೆಕತ್ತಿ. ಕೈಲ್‌ಪೊಳ್ದ್ ಹಬ್ಬದ ಆಯುಧ ಪೂಜೆ ಆದ್ಮೇಲೆ ಗಂಧ, ಹೂವು ಹಾಗೇ ಬಿಡದೆ ಒಣ ಬಟ್ಟೇಲಿ ತೆಗೆದಿಡಿ, ಆ ಒದ್ದೆಯಿಂದಾನೂ ತುಕ್ಕು ಶುರುವಾಗತ್ತೆ.

ಹಿಡಿ ದಂತನಾ ಮೂಳೆನಾ ಅಂತ ಸೂಜಿ ಕಾಯಿಸಿ ಚುಚ್ಚೋಕೆ ಹೋಗ್ಬೇಡಿ. ಲೆನ್ಸಲ್ಲಿ ನೋಡಿ, ಅಡ್ಡ ಕೊಯ್ದ ಮುಖದಲ್ಲಿ ಗೆರೆಗಳು ಒಂದಕ್ಕೊಂದು ಹಾಯ್ದು ಬಲೆ ತರ ಕಂಡ್ರೆ ಆನೆದಂತ, ಸಣ್ಣ ಸಣ್ಣ ಕಪ್ಪು ಚುಕ್ಕೆ ಕಂಡ್ರೆ ಮೂಳೆ. ದಂತ ಆಗಿದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮಾರೋ ಹಾಗಿಲ್ಲ, ಮನೇಲಿಟ್ಕೊಳ್ಳೋಕೆ ಒಡೆತನದ ಸರ್ಟಿಫಿಕೇಟ್ ಇದೆಯಾ ಅಂತ ಹಳೇ ಪೇಪರ್‌ಗಳಲ್ಲಿ ಹುಡುಕಿ, ಇಲ್ಲಾಂದ್ರೆ ಅರಣ್ಯ ಇಲಾಖೇಲಿ ವಿಚಾರಿಸಿ. ನೂರು ವರ್ಷ ದಾಟಿದ್ರೆ ಅದು ಪುರಾತನ ವಸ್ತು, ವಿದೇಶದಲ್ಲಿರೋ ನೆಂಟ್ರಿಗೆ ಕಳಿಸೋದೂ ಕಾನೂನಿಗೆ ವಿರುದ್ಧ.